ಸೋರಿಕೆಗೆ ಕಡಿವಾಣ: ಚರ್ಮದಿಂದ ಓ-ರಿಂಗ್‌ವರೆಗೆ

ಜೋಸೆಫ್ ಬ್ರಾಮಾ 1795ರಲ್ಲಿ ಇಂಗ್ಲೆಂಡಿನಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದರು. ಸೋರಿಕೆಯೇ ಅದರ ದೊಡ್ಡ ತೊಡಕಾಗಿತ್ತು. ಅವರ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ ಬಟ್ಟಲಿನಾಕಾರದ ಚರ್ಮದ ಸೀಲ್ ರೂಪಿಸಿದರು. ಒತ್ತಡ ಏರಿದಷ್ಟೂ ಅದು ಬಿಗಿಯಾಗುತ್ತಿತ್ತು. 1939ರಲ್ಲಿ ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್ ಅವರಿಗೆ ಅಮೆರಿಕದಲ್ಲಿ ಓ-ರಿಂಗ್‌ನ ಪೇಟೆಂಟ್ ಸಿಕ್ಕಿತು. ತೋಡಿನಲ್ಲಿ ಕೂತ ಈ ರಬ್ಬರ್ ಬಳೆಯನ್ನು ಎಣ್ಣೆಯ ಒತ್ತಡವೇ ಸಂದಿಗೆ ಒತ್ತಿ ಮುಚ್ಚುತ್ತದೆ.

1964ರಲ್ಲಿ ಅಮೆರಿಕದ ಕೇಸ್ ಕಂಪನಿ ವಿಸ್ಕಾನ್ಸಿನ್‌ನ ಕೋಲ್ಟ್ ಸಂಸ್ಥೆಯನ್ನು ಕೊಂಡು, ಹೈಡ್ರಾಲಿಕ್ ಮೋಟರಿನಿಂದ ಓಡುವ ತೋಟದ ಟ್ರ್ಯಾಕ್ಟರ್‌ಗಳನ್ನು ತಯಾರಿಸತೊಡಗಿತು. ಇಂಥ ಹಳೆಯ ಯಂತ್ರಗಳಲ್ಲಿ ಓ-ರಿಂಗ್‌ನ ರಬ್ಬರ್ ಗಟ್ಟಿಯಾಗಿ, ಚಪ್ಪಟೆಯಾಗಿ ಎಣ್ಣೆ ಜಿನುಗುತ್ತದೆ. ಜಿಡ್ಡು ಒರೆಸಿ, ಸೋರುವ ಜಾಗವನ್ನು ರಟ್ಟು ಹಿಡಿದು ಪತ್ತೆ ಮಾಡಬೇಕು. ಬರಿಗೈ ಹಿಡಿದರೆ ಸೂಜಿಮೊನೆಯಂಥ ಎಣ್ಣೆಧಾರೆ ಚರ್ಮದೊಳಕ್ಕೆ ನುಗ್ಗಬಹುದು. ಬಳಿಕ ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಅದೇ ಅಳತೆಯ ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಲಾಗುತ್ತದೆ.