ಎರಡೂ ಕಿವಿಗಳಿಗೆ ಕಾಕ್ಲಿಯರ್ ಇಂಪ್ಲಾಂಟ್: ಶಬ್ದ ಸಂಸ್ಕರಣೆ ಹಾಗೂ ಮ್ಯಾಪಿಂಗ್ ಕುರಿತು ಮಾಹಿತಿ

ತೀವ್ರ ಶ್ರವಣದೋಷವಿದ್ದು, ಸಾಮಾನ್ಯ ಶ್ರವಣ ಸಾಧನದಿಂದ ಪ್ರಯೋಜನ ದೊರೆಯದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲಾಗುತ್ತದೆ. ಕಿವಿಯ ಹಿಂದೆ ಧರಿಸುವ ಪ್ರೊಸೆಸರ್ ಶಬ್ದವನ್ನು ಗ್ರಹಿಸಿ, ಮಂದ್ರದಿಂದ ತಾರದವರೆಗೆ ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ಪ್ರತಿ ಪಟ್ಟಿಯ ಏರಿಳಿತವು ಸಂಕೇತವಾಗಿ ಚರ್ಮದ ಕೆಳಗಿನ ಭಾಗವನ್ನು ತಲುಪಿ, ಒಳಕಿವಿಯಲ್ಲಿರುವ ಎಲೆಕ್ಟ್ರೋಡ್‌ಗಳ ಮೂಲಕ ಶ್ರವಣನರವನ್ನು ಪ್ರಚೋದಿಸುತ್ತದೆ. ಎಲೆಕ್ಟ್ರೋಡ್‌ಗಳ ಸಂಖ್ಯೆ ಸಾಮಾನ್ಯವಾಗಿ 12ರಿಂದ 22.

ಶಬ್ದದ ದಿಕ್ಕನ್ನು ಮೆದುಳು ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ ಅರಿಯುತ್ತದೆ. ಒಂದು ಪಕ್ಕದಿಂದ ಬಂದ ಶಬ್ದವು ಇನ್ನೊಂದು ಕಿವಿಯನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಷ್ಟು ತಡವಾಗಿ ಮುಟ್ಟುತ್ತದೆ; ತಲೆಯ ಮರೆಯಿಂದ ಕ್ಷೀಣಿಸಿಯೂ ಇರುತ್ತದೆ. ಕಲಬುರಗಿ–ಹುಮನಾಬಾದ್ ಹೆದ್ದಾರಿ ಹಾದುಹೋಗುವ ಕಮಲಾಪುರದಲ್ಲಿ ರಸ್ತೆ ದಾಟುವ ಮಗುವಿಗೆ, ವಾಹನ ಯಾವ ಕಡೆಯಿಂದ ಬರುತ್ತಿದೆ ಎಂಬುದು ಜೀವರಕ್ಷಣೆಯ ವಿಷಯವಾಗಿದೆ. ಗದ್ದಲದ ತರಗತಿಯಲ್ಲಿಯೂ ಎರಡು ಕಿವಿಗಳ ಶ್ರವಣ ನೆರವಾಗುತ್ತದೆ.

ಆದರೆ ಎರಡು ಇಂಪ್ಲಾಂಟ್ ಅಳವಡಿಸಿದ ಮಾತ್ರಕ್ಕೆ ಈ ಪ್ರಯೋಜನ ತಾನಾಗಿ ಲಭಿಸುವುದಿಲ್ಲ. ಬಹುತೇಕ ಪ್ರೊಸೆಸರ್‌ಗಳು ಸಮಯದ ಸೂಕ್ಷ್ಮ ವ್ಯತ್ಯಾಸವನ್ನು ಸಮರ್ಪಕವಾಗಿ ರವಾನಿಸಲಾರವು; ಉಳಿಯುವ ಮುಖ್ಯ ಆಧಾರ ಶಬ್ದದ ಏರುತಗ್ಗು. ಎರಡು ಪ್ರೊಸೆಸರ್‌ಗಳು ಪ್ರತ್ಯೇಕವಾಗಿ ಕಾರ್ಯನಿರ್ವಹಿಸುತ್ತಿದ್ದರೆ, ಜೋರಾಗಿ ಕೇಳುವ ಕಡೆಯ ಪ್ರೊಸೆಸರ್ ಶಬ್ದವನ್ನು ತಾನಾಗಿ ತಗ್ಗಿಸುವುದರಿಂದ ಆ ಆಧಾರವೂ ಕುಗ್ಗುತ್ತದೆ. ಆದುದರಿಂದ ಶ್ರವಣತಜ್ಞರು ಪ್ರತಿ ಕಿವಿಗೆ ಪ್ರತ್ಯೇಕವಾಗಿ ವಿದ್ಯುತ್ ಮಟ್ಟಗಳನ್ನು ನಿಗದಿಪಡಿಸಿದ (ಇದನ್ನೇ ಮ್ಯಾಪಿಂಗ್ ಎನ್ನುವರು) ತರುವಾಯ, ಎರಡನ್ನೂ ಒಟ್ಟಿಗೆ ಚಾಲನೆಯಲ್ಲಿಟ್ಟು ಸಮತೋಲನ ಪರೀಕ್ಷಿಸುವುದು ಅವಶ್ಯಕ. ಒಂದು ಪ್ರೊಸೆಸರ್ ಮನೆಯಲ್ಲಿಟ್ಟು ಬಂದರೆ ಈ ಪರೀಕ್ಷೆ ಸಾಧ್ಯವಾಗದು. ದೂರದ ಪ್ರಯಾಣ ಅರ್ಧ ವ್ಯರ್ಥವಾಗುತ್ತದೆ. ಪಾಲಕರು ಎರಡನ್ನೂ, ಹಿಂದಿನ ಮ್ಯಾಪಿಂಗ್ ವರದಿಯನ್ನೂ ತರತಕ್ಕದ್ದು. ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ ಗುರುತು ರೂಢಿಯಲ್ಲಿದೆ. ಒಂದು ಕಿವಿಯ ಮ್ಯಾಪ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಶ್ರವಣದೋಷದ ಸಂಶಯವಿರುವ ಮಗುವನ್ನು ವಿಳಂಬವಿಲ್ಲದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಅಂಗನವಾಡಿ ಹಾಗೂ ಶಾಲೆಗಳಿಗೆ ಭೇಟಿ ನೀಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ತಪಾಸಣೆ ಮಾಡಿ, ಮುಂದಿನ ಪರೀಕ್ಷೆಗೆ ಕಳುಹಿಸುತ್ತವೆ. ಕೇಂದ್ರ ಸರ್ಕಾರದ ಎಡಿಪ್ ಯೋಜನೆ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಡಿ ಅರ್ಹ ಮಕ್ಕಳಿಗೆ ಇಂಪ್ಲಾಂಟ್ ನೆರವು ಲಭ್ಯವಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಹಾಗೂ ವಾಕ್ ಚಿಕಿತ್ಸೆಯ ಸೌಲಭ್ಯಗಳಿವೆ.

ನೆರವು ಒಂದು ಕಿವಿಗೋ ಎರಡಕ್ಕೋ ಎಂಬುದನ್ನು ಅರ್ಜಿ ಸಲ್ಲಿಸುವಾಗಲೇ ಲಿಖಿತವಾಗಿ ತಿಳಿದುಕೊಳ್ಳುವುದು ಒಳಿತು. ಎರಡನೆಯದಕ್ಕಾಗಿ ಸಾಲ ಮಾಡುವ ಮುನ್ನ, ಆ ಕಿವಿಗೆ ಶ್ರವಣ ಸಾಧನವೇ ಸಾಕಾಗಬಹುದೇ ಎಂದು ಶ್ರವಣತಜ್ಞರಲ್ಲಿ ವಿಚಾರಿಸಬೇಕು. ಬ್ಯಾಟರಿ, ಕೇಬಲ್ ಮತ್ತು ದುರಸ್ತಿಯ ವೆಚ್ಚ ಇಮ್ಮಡಿಯಾಗುವುದನ್ನೂ ಲೆಕ್ಕ ಹಾಕಬೇಕು.

ಕಲಬುರಗಿಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಪ್ರೊಸೆಸರ್ ಬಿಡಬಾರದು. ಬೆವರಿನ ತೇವ ಆರಲು ರಾತ್ರಿ ಎರಡನ್ನೂ ತೇವ ಹೀರುವ ಡಬ್ಬಿಯಲ್ಲಿ ಇಡತಕ್ಕದ್ದು.