ಸಾರಾಯಿ ಅಂಗಡಿ ಮುಚ್ಚಿತು, ತಲಬು ಯಾಕೆ ಹೋಗಲಿಲ್ಲ?

ಇವತ್ತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಒಂದು ಹಳೇ ಕಥೆ ಹೇಳ್ತೀನಿ. ಈಗ ಇವೆಲ್ಲ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರೋ ತನಕ ಈ ಸೀಮೆ ಮದ್ರಾಸಿನ ಆಡಳಿತದಲ್ಲಿತ್ತು.

1948ರ ಅಕ್ಟೋಬರ್ 2ರ ಹೊತ್ತಿಗೆ ಮದ್ರಾಸ್ ಸರ್ಕಾರ ಇಡೀ ಪ್ರಾಂತ್ಯದಲ್ಲಿ ಪಾನನಿಷೇಧ ತಂದಿತ್ತು. ಅಂದ್ರೆ ನಮ್ಮ ಮುತ್ತಾತನ ಕಾಲದಲ್ಲೇ ಇಲ್ಲಿ ಹೆಂಡ, ಸಾರಾಯಿ ಬಂದ್. 1960ರ ದಶಕದ ಕೊನೆಗೆ ಮೈಸೂರು ಸರ್ಕಾರ ನಿಷೇಧ ಸಡಿಲಿಸಿತು, ಅಂಗಡಿಗಳು ತೆರೆದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮತ್ತೆ ನಿಂತಿತು. ಪಾಕೀಟು ಮಾಯವಾಯಿತು, ಅಗ್ಗದ ವಿಸ್ಕಿ, ರಮ್ಮು ಆ ಜಾಗಕ್ಕೆ ಬಂದವು.

ಕಾನೂನು ಅಂಗಡಿಯನ್ನ ಮುಚ್ಚಬಹುದು. ಆದ್ರೆ ಕುಡಿಯೋನ ತಲೆಯೊಳಗೆ ಆ ಅಂಗಡಿಯ ದಾರಿ ಹಾಗೇ ಉಳಿದಿರುತ್ತೆ. ಈ ಕಡೆಯ ಎಷ್ಟೋ ಜನ ದುಡಿಯೋಕೆ ಬೆಂಗಳೂರಿಗೆ, ಕಾಫಿ ಸೀಮೆಗೆ ಹೋಗ್ತಾರೆ. "ಅಲ್ಲಿ ಆರು ತಿಂಗಳು ಮುಟ್ಟಿರಲಿಲ್ಲ, ಜಾತ್ರೆಗೆ ಊರಿಗೆ ಬಂದ, ಮತ್ತೆ ಶುರು ಹಚ್ಚಿಕೊಂಡ" ಅನ್ನೋ ಮಾತು ನಾನು ಕೇಳ್ತಾನೇ ಇರ್ತೀನಿ, ನೀವೂ ಕೇಳಿರ್ತೀರಿ. ಮನೆಯವರು ಅವನಿಗೆ ಮನಸ್ಸು ಗಟ್ಟಿ ಇಲ್ಲ ಅಂತಾರೆ. ವಿಜ್ಞಾನ ಏನನ್ನುತ್ತೆ?

ಇದೇ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಮದ್ರಾಸಿನಲ್ಲಿ ಪಾನನಿಷೇಧ ಬಂದ 1948ರಲ್ಲೇ, ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಆಸ್ಪತ್ರೆಯ ವೈದ್ಯ ಏಬ್ರಹಾಂ ವಿಕ್ಲರ್ ಒಂದು ವಿಷಯ ಬರೆದರು. ಅಫೀಮಿನ ಜಾತಿಯ ಮಾದಕ ಬಿಟ್ಟು ತಿಂಗಳುಗಟ್ಟಲೆ ಚೆನ್ನಾಗಿದ್ದವರಿಗೂ ಹಳೇ ಓಣಿ ಕಂಡರೆ ಸಾಕು, ಮೈ ನಡುಕ, ತಲಬು ತಿರುಗಿ ಬರ್ತಿತ್ತು. ಇದರ ಇನ್ನೊಂದು ಮುಖ 1970ರ ದಶಕದಲ್ಲಿ ಲೀ ರಾಬಿನ್ಸ್ ಅಧ್ಯಯನದಲ್ಲಿ ಕಂಡಿತು. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದ ಸೈನಿಕರಲ್ಲಿ ಊರಿಗೆ ಮರಳಿದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ಸುಮಾರು 5% ಮಾತ್ರ. ಅವರ ಚಟದ ಜಾಗ ಹಿಂದೆ ಉಳಿದಿತ್ತು. ನಮ್ಮವರದ್ದು ಉಲ್ಟಾ, ಚಟದ ಜಾಗ ಇರೋದೇ ಊರಲ್ಲಿ.

ಮೆದುಳಲ್ಲಿ ಆಗೋದೇನು? ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಮೊದಮೊದಲು ರಸ ಸಿಕ್ಕಾಗ ಡೋಪಮಿನ್ ಕೋಶಗಳು ಚುರುಕಾಗ್ತಿದ್ದವು. ಕಲಿತ ಮೇಲೆ ರಸಕ್ಕೆ ಮುಂಚೆ ಬರೋ ಸುಳಿವಿಗೇ ಚುರುಕಾದವು. ಪಾಕೀಟಿನ ಸದ್ದು, ಗೆಳೆಯನ ಬೈಕು, ಬಟವಾಡೆ ದಿನದ ಸಂಜೆ ಎಲ್ಲ ಇಂಥ ಸುಳಿವುಗಳೇ. ಜಾಗದ ನೆನಪು ಹಿಪ್ಪೊಕ್ಯಾಂಪಸ್‌ನಲ್ಲಿ, ಅದರ ಜೊತೆಗಿನ ಭಾವ ಅಮಿಗ್ಡಾಲದಲ್ಲಿ ಕೂತಿರುತ್ತೆ. ಇವೆರಡೂ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಭಾಗವನ್ನ ಎಬ್ಬಿಸ್ತವೆ. ಬ್ರೇಕ್ ಹಾಕಬೇಕಾದ ಹಣೆಯ ಹಿಂದಿನ ಭಾಗವನ್ನ ವರ್ಷಗಟ್ಟಲೆಯ ಕುಡಿತ ಮೊದಲೇ ಸೊರಗಿಸಿರುತ್ತೆ.

ಇನ್ನೊಂದು ಸಂಗತಿ. 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಇಲಿಗಳ ಅಧ್ಯಯನದಲ್ಲಿ, ಕೊಕೇನ್ ನಿಲ್ಲಿಸಿ ವಾರಗಳು ಕಳೆದಂತೆ ಸುಳಿವಿಗೆ ಹುಟ್ಟೋ ತಲಬು ತಗ್ಗೋ ಬದಲು ಏರಿತು. ಹಾಗಾಗಿ "ಬಿಟ್ಟು ಎರಡು ತಿಂಗಳಾಯ್ತು, ಇನ್ನೇನು ಭಯ ಇಲ್ಲ" ಅಂತ ಮೈಮರೆಯೋ ಹೊತ್ತೇ ಅಪಾಯದ ಹೊತ್ತು. ಬಿಟ್ಟಾಗ ಹಳೇ ಪಾಠ ಅಳಿಸಿಹೋಗಲ್ಲ, ಅದರ ಮೇಲೆ ಹೊಸ ಪಾಠ ಕೂರುತ್ತೆ. ಹಳೇ ಜಾಗಕ್ಕೆ ಹೋದರೆ ಹಳೇ ಪಾಠ ಮೇಲೆ ಬರುತ್ತೆ.

ಅದಕ್ಕೇ ನಾನು ಹೇಳೋದು, ಬೈದರೆ ಉಪಯೋಗ ಇಲ್ಲ. ಊರಿಗೆ ಬರೋ ಮುಂಚೆ ಯೋಚನೆ ಮಾಡಿ: ಬಸ್‌ಸ್ಟ್ಯಾಂಡಿಂದ ಮನೆಗೆ ಯಾವ ದಾರಿ, ಜೇಬಲ್ಲಿ ಎಷ್ಟು ದುಡ್ಡು, ಜಾತ್ರೆಯಲ್ಲಿ ಜೊತೆಗೆ ಯಾರು? ದಿನಾ ತುಂಬಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ತೊಂದರೆ ಆಗಬಹುದು, ವೈದ್ಯರನ್ನ ಕೇಳಿಯೇ ನಿಲ್ಲಿಸಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ಜಾರಿದವನಿಗೂ ಆ ನಂಬರ್ ಕೊಡಿ.