ಎಂಟು ಸೋಲುಗಳ ನಂತರ

ಮೆಚ್ಚಿನ ತಂಡ ಆರಂಭದಲ್ಲೇ ಮುಗ್ಗರಿಸಿದರೆ 'ಈ ವರ್ಷ ಇಷ್ಟೇ' ಎಂದು ಟೀವಿ ಆರಿಸುವವರೇ ನೀವು? ಸ್ವಲ್ಪ ತಾಳಿ, ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಈ ಕಥೆ ಕೇಳಿ.

1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರೇ ಅಲ್ಲಿನ ಮೊದಲ ಕೋಚ್. ತಮಾಷೆ ನೋಡಿ, ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60! ಆಟ ಕಂಡುಹಿಡಿದವರಿಗೇ ಸೋಲು ತಪ್ಪಲಿಲ್ಲ.

ಈಗ 1987-88ರ ಋತುವಿಗೆ ಬನ್ನಿ. ಡಿಸೆಂಬರ್‌ನಲ್ಲಿ ಆರ್ಚಿ ಮಾರ್ಷಲ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗುಳಿದರು. ಜನವರಿಯಲ್ಲಿ, ತವರು ಅಂಗಳದಲ್ಲಿ ಸತತ 55 ಪಂದ್ಯ ಗೆದ್ದಿದ್ದ ಸರಣಿ ಮುರಿಯಿತು. ಫೆಬ್ರವರಿ ಆರಂಭಕ್ಕೆ ಲೆಕ್ಕ 12 ಗೆಲುವು, 8 ಸೋಲು. ಆಟಗಾರರು ಸಾಲದೆ ಕಾಲೇಜಿನ ಫುಟ್‌ಬಾಲ್ ತಂಡದ ಕ್ಲಿಂಟ್ ನಾರ್ಮೋರ್ ಅವರನ್ನೂ ಸೇರಿಸಿಕೊಂಡಿದ್ದರು!

ಕೋಚ್ ಲ್ಯಾರಿ ಬ್ರೌನ್ ಕೈಚೆಲ್ಲಲಿಲ್ಲ. ಕೆವಿನ್ ಪ್ರಿಚರ್ಡ್‌ಗೆ ಆಟ ನಡೆಸುವ ಹೊಣೆ ಕೊಟ್ಟರು. ಉಳಿದವರು ತಾರೆ ಡ್ಯಾನಿ ಮ್ಯಾನಿಂಗ್ ಸುತ್ತ ಒಗ್ಗಿಕೊಂಡರು. ಮುಂದಿನ 18 ಪಂದ್ಯಗಳಲ್ಲಿ 15 ಗೆಲುವು! ಏಪ್ರಿಲ್ 4ರ ಫೈನಲ್‌ನಲ್ಲಿ ಎದುರಾದದ್ದು ಆ ಋತುವಿನಲ್ಲೇ ಎರಡು ಸಲ ತಮ್ಮನ್ನು ಸೋಲಿಸಿದ್ದ ಒಕ್ಲಹೋಮ. ಅರ್ಧ ಆಟಕ್ಕೆ 50-50, ಕೊನೆಗೆ ಕಾನ್ಸಾಸ್‌ಗೆ 83-79. ಮ್ಯಾನಿಂಗ್ ಒಬ್ಬರೇ 31 ಅಂಕ ಗಳಿಸಿದ್ದರು. ಒಟ್ಟು 11 ಸೋಲು. ಅಲ್ಲಿಯವರೆಗಿನ ಯಾವ ಚಾಂಪಿಯನ್ನೂ ಅಷ್ಟು ಸೋತಿರಲಿಲ್ಲ.

ಹಾಗಂತ ಎಡವಿದವರೆಲ್ಲ ಗೆಲ್ಲುತ್ತಾರೆಂದಲ್ಲ. ಆದರೆ ಎಡವಿದ್ದೆಲ್ಲಿ ಎಂದು ನೋಡಿ ಹೆಜ್ಜೆ ಬದಲಿಸಿದವರ ಆಟವನ್ನು ಕೊನೆಯ ಸೀಟಿಯವರೆಗೂ ನೋಡಬೇಕು, ಅಲ್ಲವೇ?